ಟೊಮೆಟೊ ತೋಟದ ಸೀರೆ ಕೋಣೆ

ಬರೆಯಲು ಕೂತೆನೋ ಇಲ್ಲವೋ, ಮತ್ತೆ ಕರೆ ಬಂತು. ಅತ್ತೆಗೆ ಕನ್ನಡಕ ಹುಡುಕಿ ಕೊಡಬೇಕು, ಮಗಳ ಮೂಗು ಒರೆಸಬೇಕು, ಗಂಡನಿಗೆ ಕಣ್ಣೆದುರೇ ನೇತಾಡುವ ಟವೆಲ್ ಬೇಕು. ನಾನು ಕೂತರೆ ಮನೆಯಲ್ಲಿ ಯಾರಿಗೂ ತಡೆಯುವುದಿಲ್ಲ. ಕೂಲಿಗೆ ಹೋಗುವ ತೋಟದಲ್ಲಿ ಕೂತರೆ ಮೇಸ್ತ್ರಿಗೆ ತಡೆಯುವುದಿಲ್ಲ. ಹಾಗಾಗಿ ತೋಟದ ಈ ಪ್ರಸಂಗಗಳನ್ನು ತುಂಡು ತುಂಡಾಗಿಯೇ ಬರೆದಿದ್ದೇನೆ.

ಉಪ್ಪು ಮಜ್ಜಿಗೆ

ಬೂದಿಕೋಟೆ ಕಡೆಗೆ ಟೊಮೆಟೊ ಕೀಳಲು ಹೋಗುವ ನಮ್ಮ ಗುಂಪಿಗೆ ಎದುರುಮನೆ ಅಜ್ಜಿಯೇ ಹಿರಿಯಳು. ಈ ಬೇಸಿಗೆಯಲ್ಲಿ ಒಂದು ದಿನ ಸಾಲಿನ ನಡುವೆಯೇ ಕಣ್ಣು ಕತ್ತಲೆ ಬಂದು ಬಿದ್ದಳು. ಮೇಸ್ತ್ರಿ, "ಇನ್ನೊಂದ್ ಸಲ ಬಿದ್ರೆ ಟೆಂಪೋ ಅತ್ತಿಸಲ್ಲ" ಎಂದುಬಿಟ್ಟ. ಕೂಲಿ ಬಿಟ್ಟರೆ ಅವಳಿಗೆ ಬೇರೆ ಗತಿಯಿಲ್ಲ.

ನಾನು ಆಶಾ ಕಾರ್ಯಕರ್ತೆಯನ್ನು ಕೇಳಿದೆ. ಬಾಯಾರುವ ಮುಂಚೆಯೇ ನೀರು, ಚಿಟಿಕೆ ಉಪ್ಪು ಹಾಕಿದ ಮಜ್ಜಿಗೆ, ಆಗಾಗ ನೆರಳು ಎಂದಳು. ಚಿಟಿಕೆ ಯಾವ ಮೂಲೆಗೆ ಸಾಲುತ್ತದೆಂದು ನಾನು ಒಂದು ಹಿಡಿ ಹಾಕಿ ಒಯ್ದೆ. ಅಜ್ಜಿ ಒಂದೇ ಗುಟುಕಿಗೆ ಮುಖ ಹಿಂಡಿದಳು.

"ಏನ್ಲೇ, ನನ್ನ ಬದುಕ್ಸಾಕೆ ತಂದ್ಯೋ, ಉಪ್ಪಿನಕಾಯಿ ಆಕಾಕೆ ತಂದ್ಯೋ?"

ಮದುವೆ ಸೀರೆ

ಉಪ್ಪು ಸರಿಮಾಡಿದರೂ ಅಜ್ಜಿ ಕುಡಿಯಲಿಲ್ಲ. ಅವಳೇನು, ನಾವ್ಯಾರೂ ಕುಡಿಯುವುದಿಲ್ಲ. ಕುಡಿದರೆ ಒಂದಕ್ಕೆ ಹೋಗಬೇಕು, ಬಟಾಬಯಲಲ್ಲಿ ಮರೆ ಎಲ್ಲಿದೆ? ಮನೆಯಿಂದಲೇ ಗಂಟಲು ಒಣಗಿಸಿಕೊಂಡು ಬರುವುದು ಹೆಂಗಸರ ರೂಢಿ.

ಟೊಮೆಟೊ ಗಿಡಕ್ಕೆ ಆನಿಸುವ ಕೋಲುಗಳನ್ನೇ ನೆಟ್ಟು, ಮರೆಗೆಂದು ಸುತ್ತಲೂ ನನ್ನ ಮದುವೆಯ ಕೆಂಪು ಸೀರೆ ಕಟ್ಟಿದೆ.

"ಅಯ್ಯೋ, ಮದ್ವೆ ಸೀರೆಗೆ ಇಂಥ ಗತಿಯಾ?" ಎಂದಳು ಅಜ್ಜಿ.

"ಮದುವೆಗಿಂತ ಇಲ್ಲೇ ಉಪಯೋಗಕ್ಕೆ ಬಂತು ಬಿಡು" ಎಂದೆ.

ಅವತ್ತು ಅವಳು ಚೊಂಬುಗಟ್ಟಲೆ ಕುಡಿದಳು.

ಮೇಸ್ತ್ರಿ ಮಲಗಿದ್ದು

ಮರುದಿನ ಸೀರೆಯನ್ನು ಬೇಲಿಯ ಹೊಂಗೆ ಮರದ ಕೆಳಗೆ ಕಟ್ಟಿದೆ. ಮೇಸ್ತ್ರಿ ಆಂಡರ್ಸನ್‌ಪೇಟೆಯ ತಮಿಳಿನವನು. ನೀರು ಕುಡಿಯುವುದು ಸೋಮಾರಿಗಳ ಕೆಲಸ ಎನ್ನುತ್ತಾ, ಕಪ್ಪು ಶರ್ಟ್ ತೊಟ್ಟು ಬಿಸಿಲಲ್ಲಿ ನಿಂತಿರುತ್ತಿದ್ದ. ಆ ದಿನ ತಲೆ ಸುತ್ತಿ ತಡಕಾಡುತ್ತಾ ಬಂದವನು, ನೆರಳು ಕಂಡಿದ್ದೇ ತಡ, ಸೀರೆಯೊಳಗೆ ನುಗ್ಗಿ ಉದ್ದಕ್ಕೆ ಮಲಗಿಬಿಟ್ಟ. ಹೊರಗೆ ಹೊಟ್ಟೆ ತುಂಬ ನೀರು ಕುಡಿದ ಹೆಂಗಸರ ಸಾಲು. ಯಾರೂ ಕರೆಯಲೊಲ್ಲರು, ಯಾರಿಗೂ ತಡೆಯಲಾಗದು.

ಕೊನೆಗೆ ಅಜ್ಜಿಯೇ ಕೂಗಿದಳು: "ಏಳ್ಲಾ ಮೇಸ್ತ್ರಿ! ಅದು ಮಲಗೋ ಮನೆಯಲ್ಲ ಕಣ್ಲಾ, ನಮ್ ಕಕ್ಕಸು!"

"ಅಯ್ಯಯ್ಯೋ ಕಡವುಳೇ!" ಎಂದು ಎದ್ದವನು ಕೋಲು ಸಮೇತ ಸೀರೆ ಹೊದ್ದುಕೊಂಡೇ ಓಡಿದ. ಹಿಡಿದು ಕೂರಿಸಿ, ತಲೆಗೆ ಒದ್ದೆ ಟವೆಲ್ ಹಾಕಿ, ಮಜ್ಜಿಗೆ ಕೊಟ್ಟಳು ಅಜ್ಜಿ. ಕುಡಿದು, ತಲೆ ಎತ್ತದೆ ಅವನೆಂದ: "ನಾಳೆಯಿಂದ ಬೆಳಕು ಅರಿಯೋ ಮುಂಚೆ ಬನ್ನಿ. ಬಿಸಿಲು ಏರಿದ್ರೆ ಎಲ್ರೂ ನೆರಳಿಗೆ. ಅಜ್ಜೀ, ನೀನೂ ಬಾ."

ಸಂಜೆ ಟೆಂಪೋಗೆ ಅಜ್ಜಿ ಎಲ್ಲರಿಗಿಂತ ಮೊದಲು ಹತ್ತಿ ಕೂತಳು. ಸ್ವಲ್ಪ ದೂರ ಬಂದ ಮೇಲೆ ನನ್ನನ್ನು ತಿವಿದು ಒಂದು ಮಾತು ಕೇಳಿದಳು.

"ಬಾಯಾರಾಕ್ ಮುಂಚೆ ನೀರು ಕುಡಿ ಅಂತೀಯ, ಸುಸ್ತಾಗಾಕ್ ಮುಂಚೆ ನೆರಳಿಗೆ ಓಗು ಅಂತೀಯ. ಅಂಗಾದ್ರೆ ಕೂಲಿ ಒಂದು ಮಾತ್ರ ಯಾಕ್ಲೇ ಕೆಲ್ಸ ಮುಗಿದ್ಮೇಲೆ?"