ತಗಡೆತ್ತುವ ಯಂತ್ರವೂ ನನ್ನ ಸೊಂಟವೂ

ಬೇರೆಯವರು ಯಂತ್ರ ಕೊಳ್ಳಲು ಹೊರಟರೆ ಯಂತ್ರ ಬರುತ್ತದೆ. ನಾನು ಹೊರಟರೆ ಮೊದಲು ಊರು ಬರುತ್ತದೆ, ಆಮೇಲೆ ಫಜೀತಿ ಬರುತ್ತದೆ, ಯಂತ್ರ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೀಗೇಕೆ ಎಂದು ಯೋಚಿಸುವುದನ್ನೂ ಈಗ ಬಿಟ್ಟಿದ್ದೇನೆ. ಅದಕ್ಕೂ ಸುಸ್ತಾಗುತ್ತದೆ.

ಊಟಿ ಪಕ್ಕದ ಕೆತ್ತಿಯಲ್ಲಿ ನನ್ನದೊಂದು ತಗಡಿನ ವರ್ಕ್‌ಶಾಪು. ಟೀ ಫ್ಯಾಕ್ಟರಿಗಳಿಗೆ ಎಲೆ ಬಾಡಿಸುವ ತೊಟ್ಟಿ, ಹೊಗೆ ಕೊಳವೆ, ಮನೆಗಳಿಗೆ ಮಳೆನೀರಿನ ದೋಣಿ, ಇಂಥವನ್ನು ಮಾಡಿಕೊಡುತ್ತೇನೆ. ಅಪ್ಪ ಗುಂಡ್ಲುಪೇಟೆ ಕಡೆಯಿಂದ ಬಂದವರು, ನೋಟ ಚೆನ್ನಾಗಿದೆ ಅಂತ ಈ ಜಾಗ ಕೊಂಡರಂತೆ. ನೋಟ ಚೆನ್ನಾಗಿಯೇ ಇದೆ. ರಸ್ತೆ ಮಾತ್ರ ಮೇಲಿದೆ, ವರ್ಕ್‌ಶಾಪು ಕೆಳಗಿದೆ, ನಡುವೆ ಬರೀ ಮೆಟ್ಟಿಲು.

ತಗಡಿನ ಲಾರಿ ಬಂದು ಹಾರನ್ ಹೊಡೆದರೆ ಸಾಕು, ಎಲೆ ಕೀಳುತ್ತಿದ್ದವರು, ಬಸ್ಸಿಗೆ ಕಾಯುತ್ತಿದ್ದವರು, ಸುಮ್ಮನೆ ಹೋಗುತ್ತಿದ್ದವರು ಎಲ್ಲ ಬಂದು ಒಂದು ಕೈ ಹಾಕಿ ಕೆಳಗಿಳಿಸಿಕೊಡುತ್ತಾರೆ. ಇದು ಅಪ್ಪನ ಕಾಲದಿಂದ ಬಂದ ಪದ್ಧತಿ. ಕೂಲಿ ಯಾರೂ ಕೇಳುವುದಿಲ್ಲ, ಟೀ ಮತ್ತು ವರ್ಕಿ ಕೊಟ್ಟರಾಯಿತು. ವರ್ಕಿ ಅಂದರೆ ನಮ್ಮ ಊಟಿಯ ಗರಿಗರಿ ಪದರದ ಬಿಸ್ಕತ್ತು. ಅದು ಡಬ್ಬದಲ್ಲಿ ಮುಗಿದಿದ್ದರೆ ಮಾತ್ರ ಊರಿನ ಮುಖ ಸಣ್ಣಗಾಗುತ್ತದೆ.

ತಗಡು ಕೆಳಗಿಳಿದ ಮೇಲೆ ಒಳಗೆ ನಾವಿಬ್ಬರೇ, ನಾನು ಮತ್ತು ನನಗಿಂತ ಹಿರಿಯರಾದ ನಮ್ಮ ಮೇಸ್ತ್ರಿ. ರಾಶಿಯಿಂದ ಒಂದೊಂದೇ ತಗಡು ಎತ್ತಿ ಕತ್ತರಿಸುವ ಮೇಜಿಗೆ ಹಾಕಬೇಕು. ಹೋದ ಮಳೆಗಾಲದಲ್ಲಿ ಹಾಗೆ ಎತ್ತುವಾಗ ನನ್ನ ಸೊಂಟ ಕಳಕ್ ಅಂದಿತು. ಊಟಿಯ ಡಾಕ್ಟರು ನೋಡಿ, “ಇನ್ನೊಂದು ಸಲ ತಗಡು ಎತ್ತಿದರೆ ನಿಮ್ಮನ್ನೇ ಎತ್ತಬೇಕಾಗುತ್ತೆ” ಅಂದರು.

ಮನೆಗೆ ಬಂದ ಮೇಲೆ ಹೆಂಡತಿಯದು ಒಂದೇ ಮಾತು: “ದೀಪಾವಳಿ ಒಳಗೆ ಎತ್ತೋ ಮಿಷಿನ್ನು ತರ್ತೀರೋ, ಇಲ್ಲಾ ಬಾಗಿಲು ಹಾಕ್ಕೊಂಡು ಗುಂಡ್ಲುಪೇಟೆಗೆ ಹೊರಡ್ತೀರೋ? ನಮ್ಮಣ್ಣ ಕರೀತಾನೇ ಇದಾನೆ.”

ಅವಳಣ್ಣನದು ಅಲ್ಲಿ ಗೊಬ್ಬರದ ಅಂಗಡಿ. ಗಲ್ಲಾದ ಪಕ್ಕ ಕುರ್ಚಿ ಹಾಕಿಕೊಂಡು ಬೆಳಿಗ್ಗೆಯಿಂದ ಸಂಜೆಯವರೆಗೆ ಯೂರಿಯಾ ಮೂಟೆ ನೋಡುತ್ತ ಕೂರುವ ಕೆಲಸ. ಹುಟ್ಟಿದಾಗಿನಿಂದ ತಗಡಿನ ಸದ್ದು ಕೇಳಿಕೊಂಡು ಬಂದವನು ನಾನು. ಆ ಕುರ್ಚಿ ನೆನೆಸಿಕೊಂಡರೆ ನಿಜವಾಗಿಯೂ ಅಳು ಬರುತ್ತಿತ್ತು.

ಅಂಟುವ ಯಂತ್ರ

ಮೊದಲು ಬಂದದ್ದು ಅಯಸ್ಕಾಂತ. ಕೊಯಮತ್ತೂರಿನಿಂದ ಒಬ್ಬ ಮಾರಾಟಗಾರ ಅದನ್ನು ಹೊತ್ತು ತಂದ. ಮೆಟ್ಟಿಲಿಳಿಯುವಷ್ಟರಲ್ಲಿ ಅವನಿಗೇ ಒಂದು ಎತ್ತುವ ಯಂತ್ರ ಬೇಕಾಗಿತ್ತು. ಹಿಡಿ ತಿರುಗಿಸಿದರೆ ಅಂಟುತ್ತದೆ, ಮರಳಿ ತಿರುಗಿಸಿದರೆ ಬಿಡುತ್ತದೆ, ಅಷ್ಟೇ ಸಾರ್, ಮಗು ಕೂಡ ಮಾಡಬಹುದು ಅಂದ.

ಸತು ಬಳಿದ ಕಬ್ಬಿಣದ ತಗಡಿನ ರಾಶಿಯ ಮೇಲಿಟ್ಟು ಹಿಡಿ ತಿರುಗಿಸಿದ. ಒಂದು ತಗಡು ಕೇಳಿದರೆ ಮೂರು ಒಟ್ಟಿಗೇ ಎದ್ದವು. ಬಿಡಿಸಲು ಹೋದರೆ ಮೂರೂ ಬಿದ್ದವು. “ಶಕ್ತಿ ಜಾಸ್ತಿ ಸಾರ್” ಅಂತ ಹೆಮ್ಮೆಪಟ್ಟ.

ನಮ್ಮ ಮುಕ್ಕಾಲು ಕೆಲಸ ಟೀ ಫ್ಯಾಕ್ಟರಿಗಳದು, ಅಂದರೆ ಅಲ್ಯೂಮಿನಿಯಂ. ಅದರ ಮೇಲೂ ಇಡಪ್ಪ ಅಂದೆ. ಇಟ್ಟ, ತಿರುಗಿಸಿದ, ಎತ್ತಿದ. ಅಯಸ್ಕಾಂತ ಎದ್ದು ಬಂತು, ತಗಡು ಮಲಗಿದಲ್ಲೇ ಮಲಗಿತ್ತು. ಮತ್ತೆ ಇಟ್ಟ, ಮತ್ತೆ ಎತ್ತಿದ. ಕೊನೆಗೆ ಬೆವರು ಒರೆಸಿಕೊಂಡು, “ಸಾರ್, ನಿಮ್ಮ ತಗಡಿನಲ್ಲಿ ಏನೋ ದೋಷ ಇದೆ” ಅಂದ.

ಅಲ್ಯೂಮಿನಿಯಮ್ಮಿಗೆ ಅಯಸ್ಕಾಂತ ಅಂಟುವುದಿಲ್ಲ ಎಂದು ನನಗೆ ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಮೇಸ್ತ್ರಿಗೂ ಹೊಳೆದಿರಲಿಲ್ಲ, ಆದರೆ ಅವರು ಒಪ್ಪಿಕೊಳ್ಳುವವರಲ್ಲ. ಬೀಡಿ ಹಚ್ಚಿಕೊಂಡು, “ಇದು ನಮ್ಮೂರಿಂದ ಮಂಜೂರಿಗೆ ಹೋಗೋ ಬಸ್ಸಿನ ಥರ ಕಣಣ್ಣ. ಬಂದ್ರೆ ಮೂರು, ಇಲ್ಲಾಂದ್ರೆ ಒಂದೂ ಇಲ್ಲ” ಅಂದರು.

ಹೋಗುವ ಗಡಿಬಿಡಿಯಲ್ಲಿ ಅವನು ಅಯಸ್ಕಾಂತವನ್ನು ಚೀಲಕ್ಕೆ ಹಾಕಿಕೊಳ್ಳುವಾಗ ಅದಕ್ಕೇನು ಅಂಟಿದೆ ಎಂದು ಯಾರೂ ಗಮನಿಸಲಿಲ್ಲ. ಅವತ್ತು ಆ ಯಂತ್ರ ನಮ್ಮಲ್ಲಿಂದ ಸರಿಯಾಗಿ ಎತ್ತಿಕೊಂಡು ಹೋದದ್ದು ಒಂದೇ, ವರ್ಕಿ ಡಬ್ಬದ ಮುಚ್ಚಳ.

ಹಿಡಿಯುವ ಬಟ್ಟಲು

ಎರಡನೆಯದನ್ನು ಹೆಂಡತಿಯೇ ಮೊಬೈಲಿನಲ್ಲಿ ನೋಡಿ ತರಿಸಿದಳು. ಗಾಜಿನ ಕೆಲಸದವರು ಬಳಸುವ ರಬ್ಬರಿನ ಬಟ್ಟಲು. ಒತ್ತಿ ಹಿಡಿ ಮಡಚಿದರೆ ಒಳಗಿನ ಗಾಳಿ ಹೋಗಿ ಕಚ್ಚಿಕೊಳ್ಳುತ್ತದೆ. ವಿಡಿಯೋದಲ್ಲಿ ಒಬ್ಬ ಅದರಿಂದ ದೊಡ್ಡ ಗಾಜು ಎತ್ತಿ ನಗುತ್ತ ಓಡಾಡುತ್ತಿದ್ದ. ಅವನ ಊರಲ್ಲಿ ಮಂಜು ಬೀಳುವುದಿಲ್ಲ ಅಂತ ಕಾಣುತ್ತದೆ.

ನಮ್ಮಲ್ಲಿ ಬೆಳಗ್ಗೆ ತಗಡಿನ ಮೇಲೆ ಇಬ್ಬನಿ ನೀರಾಗಿ ನಿಂತಿರುತ್ತದೆ. ಮೇಸ್ತ್ರಿ ಬಟ್ಟಲು ಒತ್ತಿ ಎತ್ತಿದರು, ಹಿಡಿಯಿತು. ಅರೆ, ಹಿಡಿಯಿತಲ್ಲ ಅಂತ ನಾನು ಬಾಯಿ ತೆರೆಯುವಷ್ಟರಲ್ಲಿ ಜಾರಿಬಿಟ್ಟಿತು. ಒರೆಸಿ ಎತ್ತಿದರೆ ಎರಡು ಹೆಜ್ಜೆ ಬಂದು ಮತ್ತೆ ಬಿಟ್ಟಿತು. “ಬೇಡಣ್ಣ, ಇದನ್ನ ನಂಬಿದ್ರೆ ಕಾಲ್ಬೆರಳು ಉಳಿಯಲ್ಲ” ಅಂತ ಮೇಸ್ತ್ರಿ ಕೈಮುಗಿದರು.

ತರಿಸಿದ್ದು ದಂಡವಾಗಬಾರದು ಅಂತ ಹೆಂಡತಿ ಅದನ್ನು ಬಚ್ಚಲುಮನೆಯ ಬಾಗಿಲಿಗೆ ಒಳಗಿನಿಂದ ಹಿಡಿಯಾಗಿ ಅಂಟಿಸಿದಳು. ನಮ್ಮ ಬಚ್ಚಲಿನ ಬಾಗಿಲು ತೇವಕ್ಕೆ ಉಬ್ಬಿ, ಒಳಗಿದ್ದವರು ಗಟ್ಟಿಯಾಗಿ ಎಳೆಯದೆ ತೆರೆಯುವುದಿಲ್ಲ.

ಆ ವಾರವೇ ಅವಳಣ್ಣ, ಗೊಬ್ಬರದ ಅಂಗಡಿಯ ಭಾವ, ನನ್ನನ್ನು ಕರೆದುಕೊಂಡು ಹೋಗುವ ಮಾತಾಡಲು ಬಂದರು. ಮೊದಲು ಬಿಸಿ ಬಿಸಿ ನೀರು ಹೊಯ್ದುಕೊಂಡರು. ಮಂಜಿಗೇ ನಿಲ್ಲದ್ದು ಹಬೆಗೆ ನಿಲ್ಲುತ್ತದೆಯೇ? ಸ್ವಲ್ಪ ಹೊತ್ತಿಗೆ ಒಳಗಿನಿಂದ ಧೊಪ್ಪೆಂಬ ಸದ್ದು, ಹಿಂದೆಯೇ “ಅಯ್ಯೋ!” ಎಂಬ ಕೂಗು. ನಾನು ಸೊಂಟ ಹಿಡಿದುಕೊಂಡು, ಹೆಂಡತಿ ಸೆರಗು ಕಟ್ಟಿಕೊಂಡು ಹೊರಗಿನಿಂದ ಬಾಗಿಲು ನೂಕಿದೆವು.

ಟವೆಲು ಸುತ್ತಿಕೊಂಡು, ಕೈಯಲ್ಲಿ ಬಟ್ಟಲು ಹಿಡಿದುಕೊಂಡೇ ಹೊರಬಂದ ಭಾವ, “ಇದನ್ನ ನಂಬ್ಕೊಂಡು ನೀವು ತಗಡು ಎತ್ತೋಕೆ ಹೊರಟಿದ್ರಾ? ಅಂಗಡೀಲಿ ಕುರ್ಚಿ ಒರೆಸಿಟ್ಟಿದ್ದೀನಿ, ಬಂದ್ಬಿಡಿ” ಅಂದರು. ಚಳಿಗೆ ಅವರ ಹಲ್ಲು ಕಟಕಟ ಅನ್ನುತ್ತಿದ್ದುದರಿಂದ ಕುರ್ಚಿಯ ಬಗ್ಗೆ ಮುಂದೆ ಹೇಳಿದ್ದೊಂದೂ ಅರ್ಥವಾಗಲಿಲ್ಲ.

ಮಟ್ಟದ ನೆಲ

ಇದು ಚಿಕ್ಕ ಕಥೆ. ಮಸಿನಗುಡಿಯಲ್ಲಿ ಜೀಪು ಓಡಿಸುವ ಗೆಳೆಯನೊಬ್ಬ, ಸರಕು ಎತ್ತಿಕೊಂಡು ಓಡುವ ಫೋರ್ಕ್‌ಲಿಫ್ಟು ಗಾಡಿ ಕೊಂಡುಬಿಡು, ಎಲ್ಲಾ ಕಷ್ಟ ಮುಗಿಯಿತು ಅಂದ. ಅವನ ಊರು ಬಯಲು, ಏನು ಬೇಕಾದರೂ ಹೇಳುತ್ತಾನೆ. ಆದರೂ ಒಬ್ಬ ಮಾರುವವನಿಗೆ ಫೋನು ಮಾಡಿದೆ. “ನಿಮ್ಮಲ್ಲಿ ನೆಲ ಮಟ್ಟವಾಗಿದೆಯಾ ಸಾರ್?” ಅಂದ. ಒಳಗೆ ಮಟ್ಟವಾಗಿದೆ ಅಂದೆ. ಸುಳ್ಳೇನೂ ಹೇಳಲಿಲ್ಲ.

ಪಾಪ, ಬಂದ. ರಸ್ತೆಯ ಅಂಚಿನಲ್ಲಿ ನಿಂತು ಕೆಳಗೆ ಬಗ್ಗಿ ಮೆಟ್ಟಿಲು ನೋಡಿದ. ಇಳಿಯಲೂ ಇಲ್ಲ. ಟೀ ಕುಡಿದು, ವರ್ಕಿ ತಿಂದು, ಹೊರಡುವಾಗ ಮೆಲ್ಲಗೆ ಹೇಳಿದ: “ಸಾರ್, ಮೊದಲು ವರ್ಕ್‌ಶಾಪನ್ನ ಮೇಲಕ್ಕೆ ಎತ್ತಿಸಿ. ಆಮೇಲೆ ಫೋನ್ ಮಾಡಿ.”

ನಾಲ್ಕು ನಿಂಬೆಹಣ್ಣು

ದೀಪಾವಳಿ ಬಾಗಿಲಿಗೆ ಬಂದಿತ್ತು. ಕೊನೆಗೆ ನಾನೂ ಮೇಸ್ತ್ರಿಯೂ ಕೂತು, ಮೊದಲೇ ಮಾಡಬೇಕಿದ್ದ ಕೆಲಸ ಮಾಡಿದೆವು. ಹೊಸದೇನೂ ಬೇಡ, ಹಳೇ ಕಾಲದ ಚೈನ್ ಬ್ಲಾಕೇ, ಅಂದರೆ ಸರಪಳಿಯ ರಾಟೆಯೇ ಸಾಕು ಅಂತ ತೀರ್ಮಾನಿಸಿದೆವು. ಎರಡು ಕಡೆ ಕಬ್ಬಿಣದ ಕಾಲು, ಮೇಲೊಂದು ತೊಲೆ, ತೊಲೆಗೆ ತೂಗುಬಿದ್ದ ಚೈನ್ ಬ್ಲಾಕು, ಕಾಲಿಗೆ ನಾಲ್ಕು ಚಕ್ರ. ತಗಡಿಗೆ ಪಟ್ಟಿ ಸುತ್ತಿ ಸರಪಳಿ ಎಳೆದರೆ ಮೇಲೇಳುತ್ತದೆ, ತಳ್ಳಿಕೊಂಡು ಹೋಗಿ ಮೇಜಿಗಿಳಿಸಬಹುದು. ಕರೆಂಟು ಬೇಡ, ಮಂಜಿನ ಹಂಗಿಲ್ಲ, ಅಲ್ಯೂಮಿನಿಯಮ್ಮಿಗೂ ಬೇಸರವಿಲ್ಲ.

ತರಿಸಿದ ತೊಲೆ, ಕಾಲುಗಳನ್ನು ಹೊತ್ತ ಲಾರಿ ಬಂದು ಹಾರನ್ ಹೊಡೆಯಿತು. ಊರು ಬಂತು, ನೋಡಿತು, ಒಂದು ಹೆಜ್ಜೆ ಹಿಂದೆ ಸರಿಯಿತು. ಆ ತೊಲೆ ನಾವು ಇದುವರೆಗೆ ಇಳಿಸಿದ ಎಲ್ಲಕ್ಕಿಂತ ಭಾರ. ಪಕ್ಕದ ಟೀ ತೋಟದ ಅಕ್ಕ ಸೊಂಟದ ಮೇಲೆ ಕೈಯಿಟ್ಟು, “ಎತ್ತೋ ಮಿಷಿನ್ನನ್ನೇ ನಾವು ಎತ್ತಬೇಕಾ? ಇದು ಬಂದ ಮೇಲೆ ನಮ್ಮನ್ನ ಕರೆಯಲ್ಲ, ವರ್ಕಿನೂ ಇಲ್ಲ, ಅಲ್ವಾ?” ಅಂದಳು.

“ಅಕ್ಕಾ, ಮೆಟ್ಟಿಲು ಇಳಿಸೋಕೆ ಇನ್ನೂ ನೀವೇ. ಇದು ಒಳಗಿನ ಕೆಲಸಕ್ಕೆ ಮಾತ್ರ” ಅಂದೆ. ಅಷ್ಟು ಕೇಳಿದ ಮೇಲೆಯೇ ಅವಳು ಸೆರಗು ಬಿಗಿದದ್ದು.

ಆ ಹೊತ್ತಿಗೆ ಮಂಜೂರು ಬಸ್ಸೂ ಬಂತು. ಲಾರಿ ಅಡ್ಡ ನಿಂತಿದ್ದರಿಂದ ಬಸ್ಸಿನವರೂ ಇಳಿದು ಕೈ ಹಾಕಿದರು. ಕಂಡಕ್ಟರು ಸೀಟಿ ಊದಿ ಊದಿ ಹೆಜ್ಜೆ ಹಾಕಿಸಿದ. ನಾನು ಮುಟ್ಟಬಾರದೆಂದು ಹೆಂಡತಿ ನನ್ನನ್ನು ಮೂಲೆಯಲ್ಲಿ ನಿಲ್ಲಿಸಿ ಪೂಜೆಯ ತಟ್ಟೆ ಕೈಗೆ ಕೊಟ್ಟಿದ್ದಳು. ನಾನು ತಟ್ಟೆ ಬಿಟ್ಟು ಬೇರೇನೂ ಎತ್ತಲಿಲ್ಲ, ದೇವರಾಣೆ.

ಎಲ್ಲ ಜೋಡಿಸಿ, ಕುಂಕುಮ ಹಚ್ಚಿ, ಕಾಯಿ ಒಡೆದು, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟೆವು. ಹೊಸ ಯಂತ್ರ ನಿಂಬೆಹಣ್ಣು ಅರೆದುಕೊಂಡೇ ಹೊರಡಬೇಕು, ಇಲ್ಲದಿದ್ದರೆ ಯಾರೂ ಮುಟ್ಟುವುದಿಲ್ಲ. ಮೇಸ್ತ್ರಿ ತಳ್ಳಿದರು. ಮೂರು ಹಣ್ಣು ಪಚಕ್ ಅಂದವು. ನಾಲ್ಕನೆಯದು ಚಕ್ರ ತಪ್ಪಿಸಿಕೊಂಡು ಉರುಳಿ ಮೇಜಿನ ಕೆಳಗೆ ಸೇರಿತು. “ಅಯ್ಯೋ, ಶಕುನ!” ಅಂದಳು ಅಕ್ಕ. ಎಲ್ಲರಿಗಿಂತ ಹತ್ತಿರ ಇದ್ದವನು ನಾನು. ಒಂದು ನಿಂಬೆಹಣ್ಣಲ್ಲವೇ ಅಂತ ಬಗ್ಗಿದೆ.

ಕಳಕ್.

ಅಲ್ಲೇ ನೆಲಕ್ಕೆ ಒರಗಿದೆ. ಮೇಲೇಳಲಾಗಲಿಲ್ಲ, ಯಾರಾದರೂ ಮುಟ್ಟಿದರೆ ಕಿರುಚುತ್ತಿದ್ದೆ. ಕೈ ಹಿಡಿದು ಎತ್ತಿ ಎಂದು ಕೆಲವರು, ಕಾಲು ಹಿಡಿದು ಎತ್ತಿ ಎಂದು ಕೆಲವರು. ಮೇಸ್ತ್ರಿ ಎಲ್ಲರನ್ನೂ ಬದಿಗೆ ಸರಿಸಿದರು. “ಮಿಷಿನ್ನು ಇಟ್ಕೊಂಡು ಯಾರಾದ್ರೂ ಕೈಯಲ್ಲಿ ಎತ್ತುತ್ತಾರಾ?”

ನನ್ನಡಿಗೆ ಮೆಲ್ಲಗೆ ಒಂದು ಅಲ್ಯೂಮಿನಿಯಂ ತಗಡು, ತಗಡಿನಡಿಗೆ ಹಲಗೆ ಸರಿಸಿ, ಪಟ್ಟಿ ಸುತ್ತಿ, ಸರಪಳಿ ಎಳೆದರು. ಕಟ ಕಟ ಕಟ ಅಂತ ನಾನು ಮೇಲೇಳತೊಡಗಿದೆ. ಒಂದಿಷ್ಟೂ ಅಲುಗಾಡಲಿಲ್ಲ, ನೋವಿನಲ್ಲೂ ಅದು ಗೊತ್ತಾಯಿತು. ಎಂಥ ಒಳ್ಳೆಯ ಯಂತ್ರ ಅಂತ ಕಣ್ಣಲ್ಲಿ ನೀರು ಬಂತು. ಬಸ್ಸಿನವರು ಚಪ್ಪಾಳೆ ಹೊಡೆದರು.

ಊಟಿಯಲ್ಲಿ ಡಾಕ್ಟರು ನನ್ನನ್ನು ಗುರುತು ಹಿಡಿದರು. “ಏನು ಎತ್ತಿದಿರಿ?” ಅಂದರು. “ನಿಂಬೆಹಣ್ಣು” ಅಂದಳು ಹೆಂಡತಿ. ಅವರು ಬರೆಯುವುದನ್ನು ನಿಲ್ಲಿಸಿ ಒಮ್ಮೆ ನೋಡಿ, ಮತ್ತೆ ಬರೆದರು. “ಎತ್ತುವುದು ಯಂತ್ರಕ್ಕೆ ಬಿಡಿ. ನೋವು ಇಳಿದ ಮೇಲೆ ನಿಂತು ಕೆಲಸ ಮಾಡಿ, ಓಡಾಡಿ. ಒಂದೇ ಕಡೆ ಕೂರುವ ಕೆಲಸ ಮಾತ್ರ ಇನ್ನು ಜನ್ಮದಲ್ಲಿ ಬೇಡ.”

ಹೆಂಡತಿ ನನ್ನ ಮುಖ ನೋಡಿದಳು. ನಾನು ಬಹಳ ನೋವಿನಲ್ಲಿರುವವನಂತೆ ಸೂರು ನೋಡಿದೆ.

ಸಂಜೆ ಭಾವನ ಫೋನು. ಕುರ್ಚಿಯ ಮಾತು ಮುಗಿಯಿತೆಂದು ಹೆಂಡತಿ ಹೇಳಿ, ನನ್ನ ಕಿವಿಗೆ ಫೋನು ಹಿಡಿದಳು. “ಹೋಗ್ಲಿ ಬಿಡಿ, ಆ ಮಿಷಿನ್ನಾದ್ರೂ ಸರಿಯಾಗಿ ಎತ್ತುತ್ತಾ?” ಅಂದರು.

“ಬಹಳ ಚೆನ್ನಾಗಿ ಎತ್ತುತ್ತೆ ಭಾವ” ಅಂದೆ, “ನಾನೇ ಕೂತು ನೋಡಿದ್ದೀನಿ. ಅಲ್ಲ, ಮಲಗಿ.”