ನನ್ನ ಹೆಬ್ಬೆರಳನ್ನು ಗುರುತಿಸದ ಹಾಜರಿ ಯಂತ್ರಕ್ಕೆ

ಮಾನ್ಯರೇ,

ಕ್ಯಾಲೆಂಡರ್ ಮುದ್ರಿಸುವ ನಮ್ಮ ಕಂಪನಿಯ ಮುಖ್ಯದ್ವಾರದ ಎಡಗೋಡೆಯಲ್ಲಿ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ, ಎರಡು ಮೊಳೆಗಳ ಆಸರೆಯಿಂದ ವಿರಾಜಮಾನರಾಗಿರುವ ಹಾಜರಿ ಯಂತ್ರ ಮಹಾಶಯರಿಗೆ, ಕರಡು ತಿದ್ದುವ ವಿಭಾಗದ ಹಿರಿಯ ನೌಕರನಾದ ನಾನು ಮಾಡುವ ಅನಂತ ವಂದನೆಗಳು. ತಾವು ಕ್ಷೇಮವಾಗಿರುವುದನ್ನು ತಮ್ಮ ಹಸಿರು ದೀಪದಿಂದ ತಿಳಿದು ಸಂತೋಷವಾಗಿದೆ. ಆ ದೀಪ ನನ್ನೊಬ್ಬನನ್ನು ಕಂಡಾಗ ಮಾತ್ರ ಕೆಂಪಾಗುವುದೇಕೆಂದು ವಿಚಾರಿಸಿಕೊಳ್ಳಲು ಈ ಪತ್ರ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದು ತಮ್ಮ ಅಡಿಯಲ್ಲಿ ಸಿಕ್ಕಿಸಿದ್ದ ಮೂರು ಚೀಟಿಗಳನ್ನು ಗುಡಿಸುವಾಕೆ ಕಸವೆಂದು ತಿಳಿದು ಬುಟ್ಟಿಗೆ ಹಾಕಿದಳು.

ಮಾನ್ಯರೇ, ನಾನು ಇಪ್ಪತ್ತೆರಡು ವರ್ಷಗಳಿಂದ ಪರರ ರಜಾದಿನಗಳನ್ನು ತಿದ್ದುತ್ತಾ ಬಂದವನು. ಮುಂದಿನ ವರ್ಷ ಯಾವ ರಜೆ ಭಾನುವಾರದ ಮೇಲೆ ಬಿದ್ದು ಜನರ ಹೊಟ್ಟೆ ಉರಿಸಲಿದೆ ಎಂಬುದು ಎಲ್ಲರಿಗಿಂತ ಮೊದಲು ನನಗೇ ಗೊತ್ತಾಗುತ್ತದೆ. ಹೀಗೆ ಎಲ್ಲರ ರಜೆಯನ್ನೂ ಕೆಂಪಕ್ಷರದಲ್ಲಿ ನೋಡಿ ನೋಡಿ ನನಗೂ ಒಂದು ದೊಡ್ಡ ರಜೆ ಬೇಕೆನ್ನಿಸಿದ್ದು ತಪ್ಪಲ್ಲವಷ್ಟೆ? ಅರವತ್ತರ ತನಕ ಕಾಯದೆ, ಐವತ್ತು ತುಂಬಿದ ದಿನವೇ ಕೆಲಸ ಬಿಟ್ಟು ಹಾಯಾಗಿರುವುದೆಂದು ನಾನೂ ನನ್ನಾಕೆಯೂ ಎರಡು ವರ್ಷಗಳ ಹಿಂದೆ ತೀರ್ಮಾನಿಸಿದೆವು. ಅಷ್ಟರೊಳಗೆ ಮನೆಸಾಲ ತೀರಬೇಕು, ಮುಂದಿನ ಬದುಕಿಗೆ ಸಾಲುವಷ್ಟು ಉಳಿಸಬೇಕು, ಅದಕ್ಕಾಗಿ ಇಂದಿನಿಂದಲೇ ಸರಳವಾಗಿ ಬಾಳಬೇಕು. ಆ ಶುಭದಿನ ಶುಕ್ರವಾರವೆಂದು ನಾನು ಅಂದೇ ಲೆಕ್ಕ ಹಾಕಿಟ್ಟೆ. ಅಡುಗೆಮನೆಯ ಕಪಾಟಿನ ಬಾಗಿಲಿಗೆ ಚೌಕಗಳ ಹಾಳೆಯೊಂದನ್ನು ಅಂಟಿಸಿ, ತಿಂಗಳಿಗೊಂದು ಚೌಕಕ್ಕೆ ಬಣ್ಣ ತುಂಬುತ್ತಿದ್ದೇವೆ. ಕೊನೆಯ ಚೌಕದಲ್ಲಿ 'ಬಿಡುಗಡೆ' ಎಂದು ಬರೆದು, ಅದರಲ್ಲಿ ಅಚ್ಚಿನ ತಪ್ಪಿಲ್ಲವೆಂದು ಮೂರು ಸಲ ಖಚಿತಪಡಿಸಿಕೊಂಡಿದ್ದೇನೆ.

ಸರಳ ಬದುಕು ಎಷ್ಟು ಕಷ್ಟದ್ದೆಂದು ಗೋಡೆಗೆ ಅಂಟಿಕೊಂಡು ಬರೀ ಕರೆಂಟು ಕುಡಿದು ಬದುಕುವ ತಮಗೆ ತಿಳಿಸಿ ಹೇಳಬೇಕಾಗಿಲ್ಲ. ನಾನು ಸ್ಕೂಟರ್ ಮಾರಿ ನಡೆಯತೊಡಗಿದೆ. ಎದುರಿನ ಅಂಗಡಿಯ ಟೀ ಬಿಟ್ಟೆ. ತಲೆಗೆ ಎಣ್ಣೆ ಹಚ್ಚುವುದನ್ನೂ ಬಿಟ್ಟೆ. ಉಳಿದಿರುವ ಕೂದಲನ್ನು ನೋಡಿದರೆ ಅದು ಖರ್ಚು ಮಾಡಿ ಕಾಪಾಡುವಂಥ ಆಸ್ತಿಯಾಗಿರಲಿಲ್ಲ. ಎಂಟು ತಿಂಗಳ ಹಿಂದೆ ಬಟ್ಟೆ ಒಗೆಯುವ ಯಂತ್ರವನ್ನೂ ಹಳೇ ಸಾಮಾನಿನವನಿಗೆ ಮಾರಿ, ದಿನವೂ ಬೆಳಿಗ್ಗೆ ಬಚ್ಚಲಲ್ಲಿ ಕುಕ್ಕರಗಾಲಲ್ಲಿ ಕೂತು ಬ್ರಷ್ಷು ಹಿಡಿದು ಬಟ್ಟೆ ಉಜ್ಜುವ ಕೆಲಸವನ್ನು ಎದೆತಟ್ಟಿಕೊಂಡು ನಾನೇ ವಹಿಸಿಕೊಂಡೆ. ಮನೆಗೆ ಸುಣ್ಣ ಬಳಿಯಲು ಆಳು ಕರೆಯದೆ ನಾನೇ ಏಣಿ ಹತ್ತಿದೆ. ಗೋಡೆಗಿಂತ ಹೆಚ್ಚು ಸುಣ್ಣ ಇವರ ಕೈಗೇ ಹಿಡಿಯಿತೆಂದು ನನ್ನಾಕೆ ಮನೆಗೆ ಬಂದವರಿಗೆಲ್ಲ ಇಂದಿಗೂ ಹೇಳುತ್ತಾಳೆ.

ಇಷ್ಟೆಲ್ಲ ಸಾಧನೆ ಮಾಡಿದವನು ಒಂದು ಸೋಮವಾರ, ಒಂಬತ್ತಕ್ಕೆ ಇನ್ನೂ ಐದು ನಿಮಿಷವಿರುವಾಗ, ತಮ್ಮ ಗಾಜಿನ ಮೇಲೆ ಭಕ್ತಿಯಿಂದ ಹೆಬ್ಬೆರಳಿಟ್ಟರೆ ತಾವು, 'ಗುರುತು ಸಿಗಲಿಲ್ಲ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ' ಎಂದಿರಿ. ಮತ್ತೊಮ್ಮೆ ಪ್ರಯತ್ನಿಸಿದೆ. ಬೆರಳನ್ನು ಅಂಗಿಗೆ ಒರೆಸಿ ಇಟ್ಟೆ, ಊದಿ ಇಟ್ಟೆ, ಅಡ್ಡ ಇಟ್ಟೆ, ಕೊನೆಗೆ ತಮಗೆ ಮುಖ ತೋರಿಸಿ ಮುಗುಳ್ನಕ್ಕೂ ನೋಡಿದೆ. ನನ್ನ ಹಿಂದೆ ಹದಿನೇಳು ಮಂದಿಯ ಸಾಲು ಬೆಳೆಯಿತೇ ಹೊರತು ತಮ್ಮ ಮನಸ್ಸು ಕರಗಲಿಲ್ಲ. ಆಮೇಲೆ ಮೇಜಿಗೆ ಹೋಗಿ, ಕರಡು ನೋಡುವ ಭೂತಗನ್ನಡಿಯನ್ನು ನನ್ನ ಹೆಬ್ಬೆರಳಿನ ಮೇಲೆ ಹಿಡಿದೆ. ಗೆರೆಗಳೇ ಇರಲಿಲ್ಲ! ಸೋಪು, ಬ್ರಷ್ಷು, ಸುಣ್ಣ ಮೂರೂ ಸೇರಿ ನನ್ನ ಗುರುತನ್ನು ಒಗೆದು ಹಿಂಡಿ ಒಣಹಾಕಿದ್ದವು. ಓದಿ ಬರೆದು ಬದುಕುವವನು ಹೆಬ್ಬೆಟ್ಟು ಒತ್ತುವಂತಾಯಿತಲ್ಲ ಎಂದು ತಾವು ಬಂದ ದಿನ ಬೇಸರಪಟ್ಟಿದ್ದೆ. ಈಗ ನನ್ನ ಹೆಬ್ಬೆಟ್ಟೂ ನಡೆಯದ ನಾಣ್ಯವಾಯಿತು.

ತಮ್ಮ ಪಕ್ಕದ ಸ್ಟೂಲಿನಲ್ಲಿ ಕೂರುವ ವಾಚ್‌ಮನ್ ಒಳ್ಳೆಯ ಮನುಷ್ಯ. 'ಬೆರಳು ಸ್ವಲ್ಪ ತಲೆಗೆ ಉಜ್ಜಿ ಇಡಿ ಸಾರ್, ಎಣ್ಣೆ ಪಸೆ ಇದ್ರೆ ಅದು ಓದುತ್ತೆ' ಎಂದು ಉಪಾಯ ಹೇಳಿಕೊಟ್ಟ. ನನ್ನ ತಲೆಯ ಸ್ಥಿತಿಯನ್ನು ಮೇಲೆ ನಿವೇದಿಸಿದ್ದೇನಷ್ಟೆ. ಅವನೇ ಟೋಪಿ ತೆಗೆದು, 'ನಂದ್ರಲ್ಲಿ ಬೇಕಾದಷ್ಟಿದೆ, ತಗೊಳ್ಳಿ' ಎಂದು ತಲೆಬಾಗಿದ. ಅಂದಿನಿಂದ ದಿನವೂ ಬೆಳಿಗ್ಗೆ ನಾನು ಅವನ ತಲೆಯ ಮೇಲೆ ಕೈಯಿಡುವುದು, ಅವನು ಕಣ್ಣು ಮುಚ್ಚಿ ನಿಲ್ಲುವುದು ನಡೆದು ಬಂತು. ಇದನ್ನು ದೂರದಿಂದ ಕಂಡ ಪಿನ್ ಹೊಡೆಯುವ ವಿಭಾಗದ ಹುಡುಗಿಯೊಬ್ಬಳು ತನಗೂ ಆಶೀರ್ವಾದ ಬೇಕೆಂದು ತಲೆಯೊಡ್ಡಿದಳು. ಗ್ರಹಚಾರ ನೋಡಿ, ಅದೇ ವಾರ ಅವಳಿಗೆ ಬಡ್ತಿ ಸಿಕ್ಕಿತು. ಈಗ ಸೋಮವಾರಗಳಂದು ಆರೇಳು ಮಂದಿ ತಲೆ ಬಗ್ಗಿಸಿಕೊಂಡು ನನಗಾಗಿ ಕಾಯುತ್ತಾರೆ. ಎಲ್ಲರನ್ನೂ ಹರಸಿ ಮುಗಿಸುವಷ್ಟರಲ್ಲಿ ಬೆರಳಿನ ಎಣ್ಣೆ ಅವರ ಕೂದಲಿಗೇ ವಾಪಸ್ ಹೋಗಿರುತ್ತದೆ, ತಾವು ಮತ್ತೆ ಪ್ರಯತ್ನಿಸಿ ಎನ್ನುತ್ತೀರಿ. ಇತ್ತ ದಿನವೂ ತಲೆ ಕೊಡುವ ವಾಚ್‌ಮನ್‌ಗೆ ಒಂದು ಟೀ ಕೊಡಿಸದಿದ್ದರೆ ಹೇಗೆ? ಹೀಗಾಗಿ ನಾನು ಬಿಟ್ಟ ಟೀಯನ್ನು ಈಗ ಅವನು ಕುಡಿಯುತ್ತಿದ್ದಾನೆ, ಕಳೆದ ವಾರದಿಂದ ಬನ್ನಿನ ಜೊತೆಗೆ.

ಸಂಬಳದ ಅಧಿಕಾರಿಯ ಬಳಿಗೂ ಹೋದೆ. ನನ್ನನ್ನು ಎದುರಿಗೆ ಕೂರಿಸಿಕೊಂಡು, ನೀರು ಕೊಟ್ಟು, 'ನೀವು ಬಂದಿರೋದು ನನ್ ಕಣ್ಣಿಗೆ ಕಾಣುತ್ತೆ ಸ್ವಾಮಿ, ಆದ್ರೆ ಸಿಸ್ಟಮ್‌ಗೆ ಕಾಣಬೇಕಲ್ಲ' ಎಂದರು. ತಾವು ಒಪ್ಪದ ದಿನ ಮಧ್ಯಾಹ್ನದ ಮೇಲೆ ರಿಜಿಸ್ಟರಿನಲ್ಲಿ ಸಹಿ ಹಾಕಬಹುದಂತೆ, ಬೆಳಗಿನ ಅರ್ಧ ದಿನದ ಸಂಬಳ ಮಾತ್ರ ಹೋಯಿತಂತೆ. ಕಳೆದ ತಿಂಗಳು ಹೀಗೆ ಹನ್ನೊಂದು ಅರ್ಧ ದಿನಗಳು ಹೋದವು. ಇದೇ ಲೆಕ್ಕದಲ್ಲಿ ನಡೆದರೆ ನನ್ನ ಶುಕ್ರವಾರ ನಾಲ್ಕು ತಿಂಗಳು ಮುಂದಕ್ಕೆ ಜಾರಿ ಒಂದು ಮಂಗಳವಾರದ ಮೇಲೆ ಕೂರುತ್ತದೆ. ಬೇಗ ಕೆಲಸ ಬಿಡಲೆಂದು ಬಟ್ಟೆ ಒಗೆದೆ, ಬಟ್ಟೆ ಒಗೆದದ್ದರಿಂದ ಇನ್ನಷ್ಟು ಕಾಲ ಕೆಲಸ ಮಾಡಬೇಕಾಗಿದೆ. ಮಂಗಳವಾರ ಯಾರಾದರೂ ನಿವೃತ್ತರಾಗುತ್ತಾರೆಯೇ, ತಾವೇ ಹೇಳಿ!

ಆದರೂ ತಮ್ಮ ಔದಾರ್ಯವನ್ನು ಮೆಚ್ಚದಿರಲಾರೆ. ನಾನು ನಾಲ್ಕು ವರ್ಷ ಬೆವರು ಸುರಿಸಿ ಗಳಿಸಬೇಕೆಂದಿದ್ದ ನಿವೃತ್ತಿಯನ್ನು ತಾವು ಮೂರೇ ಸೆಕೆಂಡಿನಲ್ಲಿ ಕೊಟ್ಟಿರಿ. ತಮ್ಮ ದಾಖಲೆಯ ಪ್ರಕಾರ ಕಳೆದ ತಿಂಗಳು ಹನ್ನೊಂದು ಬೆಳಗುಗಳಲ್ಲಿ ನಾನು ಕಚೇರಿಗೆ ಬಂದೇ ಇಲ್ಲ. ಅಂದರೆ ಮನೆಯಲ್ಲಿ ಕಾಲು ಚಾಚಿಕೊಂಡು ಕೂತಿದ್ದೆನೆಂದಾಯಿತು. ಆ ಸುಖದ ವಿವರಗಳು ತಮ್ಮ ಹೊಟ್ಟೆಯೊಳಗೆ ಎಲ್ಲಾದರೂ ಇದ್ದರೆ ದಯಮಾಡಿ ಒದಗಿಸಿ. ಯಾವ ಕಿಟಕಿಯ ಪಕ್ಕ ಕೂತಿದ್ದೆ, ಬಿಸಿಲು ಎಲ್ಲಿಯವರೆಗೆ ಬಂದಿತ್ತು, ನಡುವೆ ತೂಕಡಿಸಿದೆನೇ? ಸಂಬಳ ಕೊಟ್ಟು ಕೊಂಡ ಬೆಳಗುಗಳು ಹೇಗಿದ್ದವೆಂದು ತಿಳಿಯುವ ಹಕ್ಕಾದರೂ ನನಗಿರಬೇಕಲ್ಲವೇ?

ಈ ಅನ್ಯಾಯವನ್ನು ಹೊತ್ತು ಹೋದ ವಾರ ಒಂದು ಸಂಜೆ ಮನೆಗೆ ಹೋಗಿ, ಪಾತ್ರೆ ತೊಳೆಯುತ್ತಿದ್ದ ನನ್ನಾಕೆಯ ಮುಂದೆ ಭೂತಗನ್ನಡಿಯ ಸಮೇತ ಹೆಬ್ಬೆರಳು ಹಿಡಿದು, ಎಂಟು ತಿಂಗಳ ದುಡಿತ ಒಬ್ಬ ಮನುಷ್ಯನನ್ನು ಹೇಗೆ ಅಳಿಸಿಹಾಕಿದೆ ನೋಡು ಎಂದು ಭಾಷಣ ಬಿಗಿದೆ. ಅವಳು ಕೈಯನ್ನು ಸೆರಗಿಗೆ ಒರೆಸಿಕೊಂಡು ತನ್ನ ಹೆಬ್ಬೆರಳನ್ನು ನನ್ನದರ ಪಕ್ಕದಲ್ಲಿಟ್ಟಳು. ಭೂತಗನ್ನಡಿಯಲ್ಲಿ ನೋಡಿದೆ. ನನ್ನದರಲ್ಲಿ ಅಂಚಿಗಾದರೂ ಒಂದೆರಡು ಗೆರೆಗಳಿದ್ದವು. ಅವಳದು ಕ್ಯಾಲೆಂಡರ್ ಹಾಳೆಯ ಖಾಲಿ ಹಿಂಬದಿ. 'ನಂದು ಹೋಗಿ ಹದಿನೆಂಟು ವರ್ಷ ಆಯ್ತು ರೀ. ನನ್ ಹಾಜರಿ ಯಾರು ತಗೋತಾರೆ ಅಂತ ನಾನು ಹೇಳಿರ್ಲಿಲ್ಲ' ಎಂದು ನಕ್ಕಳು. ಆಮೇಲೆ ನಲ್ಲಿ ತಿರುಗಿಸುತ್ತಾ, 'ಅಲ್ಲಾ, ಆ ಶುಕ್ರವಾರ ನೀವು ರಿಟೈರ್ ಆದ್ಮೇಲೆ ಶನಿವಾರದ ಪಾತ್ರೆ ಯಾರು ತೊಳೀತಾರೆ?' ಎಂದು ಕೇಳಿದಳು.

ಮಾನ್ಯರೇ, ಇಪ್ಪತ್ತೆರಡು ವರ್ಷಗಳಿಂದ ತಪ್ಪು ಹುಡುಕುವುದನ್ನೇ ಕಸುಬು ಮಾಡಿಕೊಂಡವನು ನಾನು. ಕಪಾಟಿನ ಬಾಗಿಲಿನ ಹಾಳೆಯನ್ನು ದಿನಕ್ಕೆ ಹತ್ತು ಸಲ ನೋಡಿದ್ದೇನೆ. ಅದರಲ್ಲಿ ಇಬ್ಬರು ಉಳಿಸಿದ ಹಣಕ್ಕೆ ಒಬ್ಬನ ಬಿಡುಗಡೆಯನ್ನು ಮಾತ್ರ ಬರೆದಿರುವುದು ಅಂದಿನವರೆಗೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ನನಗೆ ನಾಚಿಕೆಯಾಯಿತು. ಮರುದಿನವೇ ಹಳೇ ಸಾಮಾನಿನವನ ಬಳಿ ಹೋಗಿ, ನಾನು ಮಾರಿದ್ದ ನನ್ನದೇ ಒಗೆಯುವ ಯಂತ್ರವನ್ನು ಐನೂರು ರೂಪಾಯಿ ಹೆಚ್ಚು ಕೊಟ್ಟು ವಾಪಸ್ ತಂದೆ. ಪಾತ್ರೆಗಳನ್ನು ಈಗ ದಿನ ಬಿಟ್ಟು ದಿನ ನಾನು ತೊಳೆಯುತ್ತೇನೆ, ರಬ್ಬರಿನ ಕೈಗವಸು ಹಾಕಿಕೊಂಡು. ಅವಳಿಗೂ ಒಂದು ಜೊತೆ ತಂದಿದ್ದೇನೆ. ಹಾಳೆಯಲ್ಲಿ ಅವಳಿಗೊಂದು ಸಾಲು ಎಳೆದಾಗ ನನ್ನ ಮಂಗಳವಾರ ಮತ್ತೆ ಐದು ತಿಂಗಳು ಆಚೆ ಹೋಗಿ ಒಂದು ಗುರುವಾರದ ಮೇಲೆ ನಿಂತಿತು. ನಿಲ್ಲಲಿ.

ಆದ್ದರಿಂದ ತಮ್ಮಲ್ಲಿ ನನ್ನ ಕಳಕಳಿಯ ಕೋರಿಕೆ ಇಷ್ಟೇ. ತಮ್ಮ ಒಡಹುಟ್ಟಿದವರು ಯಾರಾದರೂ ಖಾಲಿ ಕೂತಿದ್ದರೆ ನಮ್ಮ ಅಡುಗೆಮನೆಯ ಗೋಡೆಗೆ ಕಳುಹಿಸಿಕೊಡಿ, ಮೊಳೆಯನ್ನು ನಾನೇ ಹೊಡೆಯುತ್ತೇನೆ. ಅವರು ನನ್ನಾಕೆಯ ಹದಿನೆಂಟು ವರ್ಷಗಳ ಹಾಜರಿಯನ್ನು ಹಿಂದಿನಿಂದ ತುಂಬಿ, ಭಾನುವಾರಗಳನ್ನೂ ಬಿಡದೆ, ಬಾಕಿ ಸಂಬಳವನ್ನು ಬಡ್ಡಿಯೊಡನೆ ಸಂಬಳದ ಅಧಿಕಾರಿಯಿಂದ ಕೊಡಿಸಬೇಕು. ಆ ಹಣ ಬಂದ ದಿನವೇ ನಮ್ಮ ಮನೆಸಾಲ ತೀರಿ, ಇಬ್ಬರೂ ಒಟ್ಟಿಗೇ ನಿವೃತ್ತರಾಗಿ, ಮಿಕ್ಕ ಹಣದಲ್ಲಿ ಕಂಪನಿಯನ್ನೇ ಕೊಂಡು ತಮಗೂ ನಿವೃತ್ತಿ ಕೊಡುತ್ತೇವೆ. ಅವಳ ಬೆರಳು ಓದಲಾಗುತ್ತಿಲ್ಲವೆಂದು ಅವರು ತಕರಾರು ತೆಗೆದರೆ ತಲೆಗೆ ಎಣ್ಣೆ ಹಚ್ಚಿಕೊಂಡು ಪಕ್ಕದ ಸ್ಟೂಲಿನಲ್ಲಿ ಕೂರಲು ನಾನು ಸಿದ್ಧ.

ದಿನವೂ ಬಂದರೂ ಬಾರದವನಾಗಿರುವ,
ತಮ್ಮ ವಿಶ್ವಾಸಿ,
ಕರಡು ತಿದ್ದುವವನು

ಮರೆತ ಮಾತು: ತಮ್ಮ ಮೇಲಿನ ಗೌರವದಿಂದ ಕೆಳಗೆ ಸಹಿಯ ಬದಲು ಶಾಯಿಯಲ್ಲಿ ಅದ್ದಿದ ಎರಡು ಹೆಬ್ಬೆಟ್ಟುಗಳನ್ನು ಒತ್ತಿದ್ದೇವೆ. ಒಂದು, ತಿಂಗಳಿಗೊಮ್ಮೆ ಸಂಬಳ ಪಡೆಯುವವನದು; ಇನ್ನೊಂದು, ಈವರೆಗೆ ಏನನ್ನೂ ಪಡೆಯದವಳದು. ಎರಡೂ ಒಂದೇ ಥರದ ಬರೀ ಕಪ್ಪು ಚುಕ್ಕೆಗಳಾಗಿ ಮೂಡಿವೆ. ಯಾವುದು ಯಾರದೆಂದು ಗುರುತು ಸಿಗದಿದ್ದರೆ, ದಯವಿಟ್ಟು ಮತ್ತೊಮ್ಮೆ ಪ್ರಯತ್ನಿಸಿ.