ಸ್ಕೂಟಿ ಶೆಡ್ಡಿನಲ್ಲಿ ತಿಗುರಿ

ಇದರಲ್ಲಿ ಒಂದೇ ಒಂದು ಸುಳ್ಳಿದ್ದರೂ ನನ್ನ ತಿಗುರಿ ತಿರುಗುತ್ತಿರುವಾಗಲೇ ನಿಂತುಹೋಗಲಿ. ತಿಗುರಿ ಅಂದರೆ ಕುಂಬಾರನ ಚಕ್ರ. ಅದರ ಮೇಲೆ ಆಣೆ ಇಟ್ಟಾಯಿತು, ಇನ್ನು ನಂಬುವುದು ನಿಮ್ಮ ಕೆಲಸ. ಮಣ್ಣಿಗೆ ಕೈ ಹಾಕಿದಾಗಿನಿಂದ ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇವೆ. ಬೇರೆಯವರ ಮನೆಯಲ್ಲಿ ಯಾಕೆ ನಡೆಯುವುದಿಲ್ಲ ಅಂದರೆ, ಅವರಿಗೆ ಧೈರ್ಯ ಇಲ್ಲ.

೧. ದೃಷ್ಟಿಬೊಟ್ಟು

ನಾನು ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು. ಹೊಳಲ್ಕೆರೆಯಿಂದ ಹೊಸದುರ್ಗದವರೆಗೆ, ಉಸಿರಾಡಲೂ ಜಾಗವಿಲ್ಲದ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಚಿಲ್ಲರೆ ಕೊಟ್ಟವನಿಗೆ, ಕೂತು ತಿರುಗಿಸುವ ಚಕ್ರ ಯಾವ ಲೆಕ್ಕ? ಹೊಳಲ್ಕೆರೆಯ ನಮ್ಮ ಮನೆ ಶೆಡ್ಡಿನಿಂದ ಹೆಂಡತಿಯ ಸ್ಕೂಟಿಯನ್ನು ಬಿಸಿಲಿಗೆ ತಳ್ಳಿ, ಹಳೇ ಗ್ರೈಂಡರಿನ ಮೋಟರ್ ಕಟ್ಟಿಸಿ ತಿಗುರಿ ಹೂಡಿಯೇಬಿಟ್ಟೆ.

ಮಣ್ಣಿನ ಉಂಡೆಯನ್ನು ಚಕ್ರದ ನಟ್ಟನಡುವೆ ಕೂರಿಸಬೇಕಂತೆ. ನಾನು ಒಂಚೂರು ಪಕ್ಕಕ್ಕೆ ಕೂರಿಸಿ ಫುಲ್ ಸ್ಪೀಡ್ ಕೊಟ್ಟೆ. ಉಂಡೆ ಎದ್ದಿತು. ಶೆಡ್ಡಿನ ಬಾಗಿಲು ದಾಟಿತು, ಕಾಂಪೌಂಡು ದಾಟಿತು, ಪಕ್ಕದ ಮನೆಯ ಪಿ.ಟಿ. ಮೇಷ್ಟ್ರು ಹೊಸದಾಗಿ ಗಿಳಿಹಸಿರು ಬಣ್ಣ ಹೊಡೆಸಿದ್ದ ಗೋಡೆಗೆ ಪಚಕ್ಕನೆ ಅಂಟಿತು.

ಮೇಷ್ಟ್ರು ಹೊರಗೆ ಬಂದು ಗೋಡೆ ನೋಡಿದರು, ನನ್ನನ್ನು ನೋಡಿದರು. "ಏನ್ರೀ ಇದು?"

ಕ್ಷಮೆ ಕೇಳುವ ವಂಶ ನಮ್ಮದಲ್ಲ. "ಹೊಸ ಬಣ್ಣ ಅಲ್ವೇನ್ರಿ ಮೇಷ್ಟ್ರೇ, ಯಾರ ಕಣ್ಣಾದ್ರೂ ತಾಗೀತು. ದೃಷ್ಟಿಬೊಟ್ಟು ಇಟ್ಟೀನಿ. ಪುಕ್ಕಟೆ!"

೨. ನುಣ್ಣನೆ ಮುದ್ದೆ

ಮೇಷ್ಟ್ರು ನನ್ನ ಹೆಂಡತಿಗೇ ದೂರು ಕೊಟ್ಟರು. ಅವಳು ಅದಕ್ಕೇ ಕಾಯುತ್ತಿದ್ದಳು.

"ರೀ, ಬಿಸಿಲಿಗೆ ನಿಂತು ನಿಂತು ನನ್ನ ಸ್ಕೂಟಿ ಸೀಟು ಹಪ್ಪಳ ಆಗೈತೆ. ಬೆಳಿಗ್ಗೆ ತುಂಬಿಸಿದ ನೀರು ಸಂಜೆವರೆಗೆ ನಿಲ್ಲೋ ಒಂದೇ ಒಂದು ಗಡಿಗೆ ಮಾಡಿ ತೋರಿಸ್ರಿ. ಆಗಲಿಲ್ವಾ, ತಿಗುರಿ ಗುಜರಿಗೆ, ಶೆಡ್ಡು ಸ್ಕೂಟಿಗೆ."

"ಒಂದ್ಯಾಕೆ, ಊರಿಗೆಲ್ಲ ಮಾಡ್ತೀನಿ," ಅಂದೆ. ಸೋಲುವಂತಿರಲಿಲ್ಲ. ನನಗೆ ಆ ತಿಗುರಿ ಬೇಕಿತ್ತು. ಬಸ್ಸು ಬಿಟ್ಟ ಮೇಲೆ ನನ್ನ ಮಾತಿಗೆ ತಿರುಗುವುದು ಅಂತ ಮನೆಯಲ್ಲಿ ಅದೊಂದೇ ಇದ್ದದ್ದು.

ತಾಳ್ಯದ ಕೆರೆಯಿಂದ ಕಪ್ಪು ಮಣ್ಣು ತರಿಸಿದೆ. ಜರಡಿ ಹಿಡಿದು, ತುಳಿದು, ನಾದಿ, ಉಂಡೆ ಕಟ್ಟಿ, ಒಣಗದಿರಲಿ ಅಂತ ಒದ್ದೆ ಬಟ್ಟೆ ಹೊದಿಸಿ ಅಡುಗೆಮನೆಯ ತಂಪಿನಲ್ಲಿಟ್ಟೆ. ಅದೇ ಹೊತ್ತಿಗೆ ಬಾಗೂರಿನಿಂದ ನನ್ನ ಬಾಮೈದ ಬಂದ. ಕುರಿ ಕಾಯುವವನು, ಹಸಿದರೆ ಯಾರನ್ನೂ ಕೇಳುವವನಲ್ಲ. ಅಕ್ಕ ಅಂಗಡಿಗೆ ಹೋಗಿದ್ದಳು. ತಾನೇ ಬಟ್ಟೆ ಸರಿಸಿ, ಒಂದು ಉಂಡೆ ತಟ್ಟೆಗೆ ಹಾಕಿಕೊಂಡು, ಹುರುಳಿ ಸಾರು ಸುರಿದುಕೊಂಡ. ನಮ್ಮ ಕಡೆ ಮುದ್ದೆ ಅಗಿಯುವುದಿಲ್ಲವಲ್ಲ, ನುಂಗುವುದು. ನಾನು ಒಳಗೆ ಬರುವಷ್ಟರಲ್ಲಿ ಮೊದಲ ತುತ್ತು ಗಂಟಲಿಳಿದಿತ್ತು.

"ಭಾವ, ಎಲ್ಲಿಂದು ಇದು?"

"ತಾಳ್ಯದ ಕೆರೇದು ಕಣಲೇ..."

"ಅದಕ್ಕೇ ಇಷ್ಟು ನುಣ್ಣಗೈತೆ!" ಅಂತ ಎರಡನೇ ತುತ್ತಿಗೆ ಕೈ ಹಾಕಿದ.

ಅಷ್ಟರಲ್ಲಿ ಬಂದ ಹೆಂಡತಿ ಕಿಟಾರನೆ ಕಿರುಚಿದಳು. "ಅಯ್ಯೋ ಬಿಡೋ ಅದನ್ನ, ಅದು ಮಣ್ಣು!"

ಬಾಮೈದ ಕೈಯಲ್ಲಿದ್ದದ್ದನ್ನು ಒತ್ತಿ ನೋಡಿ ಹೇಳಿದ: "ಬೇಜಾರು ಮಾಡ್ಕಬ್ಯಾಡ ಅಕ್ಕ. ನಿನ್ನ ಮುದ್ದೆಗಿಂತ ಗಂಟು ಕಮ್ಮಿ ಅವೆ."

೩. ನೀರೊಲೆಯ ಫಿರಂಗಿ

ಅಂತೂ ಗಡಿಗೆಗಳು ತಯಾರಾದವು. ನೆರಳಲ್ಲಿ ನಿಧಾನಕ್ಕೆ ಒಣಗಿಸಿ ಸುಡಬೇಕು ಅನ್ನುತ್ತಾರೆ. ಕಾಯುವುದು ಪ್ಯಾಸೆಂಜರ್ ಕೆಲಸ, ಕಂಡಕ್ಟರನದಲ್ಲ. ಹಸಿ ಆರುವ ಮೊದಲೇ ಎಲ್ಲವನ್ನೂ ಬಚ್ಚಲಿನ ನೀರೊಲೆಗೆ ತುರುಕಿ, ಬೆರಣಿ ಒಟ್ಟಿ, ಬೆಂಕಿ ಕೊಟ್ಟೆ.

ಢಮ್! ಢಮಾರ್! ಚಿತ್ರದುರ್ಗದ ಕೋಟೆಯಲ್ಲೂ ಅಂಥ ಫಿರಂಗಿ ಹಾರಿರಲಿಕ್ಕಿಲ್ಲ. ಬೀದಿಗೆ ಬೀದಿಯೇ ಬಂದು ನಿಂತಿತು. ಅರ್ಧ ಗಡ್ಡ ಕೆರೆದುಕೊಂಡಿದ್ದ ಮೇಷ್ಟ್ರು ಸೋಪಿನ ನೊರೆ ಸಮೇತ ಓಡಿಬಂದು, "ಗ್ಯಾಸ್ ಸಿಲಿಂಡರಾ?" ಅಂದರು.

ನಾನು ಹೊಗೆಯೊಳಗಿಂದ ಒಂದು ಗಡಿಗೆ ಎತ್ತಿ ಹಿಡಿದುಕೊಂಡು ಬಂದೆ. "ಹೇಡಿಗಳೆಲ್ಲ ಸಿಡಿದು ಹೋದ್ವು. ಶೂರ ಒಬ್ಬ ಉಳಿದಾನೆ, ನೋಡ್ರಿ!" ಹುಣ್ಣಿಮೆ ಚಂದ್ರನ ಹಾಗೆ ದುಂಡಗಿದ್ದ ಗಡಿಗೆ ಅದು.

ಹೆಂಡತಿ ಗಡಿಗೆ ನೋಡಲಿಲ್ಲ, ನನ್ನ ಮುಖ ನೋಡಿದಳು. "ಶೂರನ್ನ ಆಮೇಲೆ ನೋಡಾಣ. ಮೊದಲು ನಿಮ್ಮ ಹುಬ್ಬು ಎಲ್ಲಿ ಹೋದ್ವು, ಹುಡುಕ್ರಿ."

೪. ತೀರ್ಪು

ಪರೀಕ್ಷೆಗೆ ಅವಳು ನೇಮಿಸಿದ ತೀರ್ಪುಗಾರ ಯಾರು ಗೊತ್ತೇ? ಮೇಷ್ಟ್ರೇ! ಗೋಡೆ ಮೇಲಿನ ದೃಷ್ಟಿಬೊಟ್ಟು ಇನ್ನೂ ಹೋಗಿರಲಿಲ್ಲ. ಅವರಿಗೆ ತಿಗುರಿ ತೊಲಗಿದರೆ ಸಾಕಿತ್ತು. "ಬರ್ಲಿ ಬಿಡು," ಅಂದೆ. "ಕಳ್ಳ ಪ್ಯಾಸೆಂಜರುಗಳನ್ನೇ ಕಂಡವನು ನಾನು."

ಬೆಳಿಗ್ಗೆ ಜಗಲಿ ಮೇಲೆ ಗಡಿಗೆಯನ್ನು ಕಂಠಮಟ್ಟ ತುಂಬಿಸಿದರು. ಮೇಷ್ಟ್ರು ಸೀಟಿ ಊದಿ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡರು. ನಾನು ಹತ್ತಿರ ಸುಳಿಯುವಂತಿಲ್ಲ. ಬಿಸಿಲೇರುತ್ತಿದ್ದಂತೆ ಗಡಿಗೆಯ ಮೈ ತೇವವಾಯಿತು.

"ಸೋರ್ತೈತೆ!" ಅಂತ ಮೇಷ್ಟ್ರು ಕೂಗಿದರು.

"ಅದು ಬೆವರು ಮೇಷ್ಟ್ರೇ," ನಾನು ಶೆಡ್ಡಿನಿಂದಲೇ ಕೂಗಿದೆ. "ಕೆಲಸ ಮಾಡೋರಿಗೆ ಬರ್ತೈತೆ. ನಿಮಗೆ ಗುರ್ತು ಸಿಗಲಿಕ್ಕಿಲ್ಲ."

ಸಂಜೆ ಹೆಂಡತಿ ಸ್ಕೂಟಿ ಬೀಗದಕೈ ಹಿಡಿದೇ ಬಂದು ಮುಚ್ಚಳ ತೆಗೆದಳು. ತಳದಲ್ಲಿ ನಾಲ್ಕೇ ಬೆರಳು ನೀರು! ಗುಜರಿಯವನ ಗಾಡಿ ಕಣ್ಣಮುಂದೆ ಬಂತು.

ಮೇಷ್ಟ್ರು ಎದ್ದು ನಿಂತು ಎದೆ ಸೆಟೆಸಿದರು. "ತೀರ್ಪು ಹೇಳ್ತೀನಿ. ಈ ಗಡಿಗೆ... ತಡೀರಿ, ಬಂದೆ." ಮನೆ ಕಡೆ ಓಡಿದರು. ವಾಪಸ್ ಬಂದರು. "ಹಾಂ, ಈ ಗಡಿಗೆ... ಒಂದೇ ನಿಮಿಷ." ಮತ್ತೆ ಓಟ.

ಹೆಂಡತಿ ಹುಬ್ಬು ಗಂಟಿಕ್ಕಿದಳು, ಅವಳಿಗೆ ಇತ್ತಲ್ಲ. ಜಗಲಿ ಮುಟ್ಟಿ ನೋಡಿದಳು, ಒಣಗಿತ್ತು. ಕುರ್ಚಿ ಕೆಳಗೆ ಬಗ್ಗಿದಳು. ಅಲ್ಲಿ ಮೇಷ್ಟ್ರ ಮನೆಯ ಸ್ಟೀಲ್ ಲೋಟ, ಇನ್ನೂ ಒದ್ದೆ!

"ರೀ," ಅಂದಳು ಇಡೀ ಬೀದಿಗೆ ಕೇಳುವ ಹಾಗೆ, "ಸೋರ್ತಾ ಇರೋದು ಗಡಿಗೆ ಅಲ್ಲ, ಮೇಷ್ಟ್ರು!"

ಮೂರನೇ ಸಲ ವಾಪಸ್ ಬಂದ ಮೇಷ್ಟ್ರು ತಲೆ ತಗ್ಗಿಸಿದರು. "ಮೊದಲನೇ ಲೋಟ ನೀವು ಸೋಲ್ಲಿ ಅಂತ್ಲೇ ಕುಡಿದೆ ಕಣ್ರೀ. ಆಮೇಲೆ ಬಿಡೋಕಾಗ್ಲಿಲ್ಲ. ಅಷ್ಟು ತಣ್ಣಗೈತೆ ನೀರು!"

ತಿಗುರಿ ಶೆಡ್ಡಿನಲ್ಲೇ ಉಳಿಯಿತು. ಸ್ಕೂಟಿ ಈಗ ಮೇಷ್ಟ್ರ ಮನೆ ನೆರಳಲ್ಲಿ ನಿಲ್ಲುತ್ತದೆ; ಅದು ನನ್ನ ಹೆಂಡತಿ ಅವರಿಗೆ ಹಾಕಿದ ದಂಡ.

ಎಲ್ಲ ನಿಜ. ಒಂದೇ ಒಂದು ಸಣ್ಣ ಮಾತು ಮಾತ್ರ ನಾನು ಸೇರಿಸಿದ್ದು: ಗಡಿಗೆ ದುಂಡಗಿತ್ತು ಅಂದೆನಲ್ಲ, ಅದು. ಅದು ಇವತ್ತಿಗೂ ಒಂದು ಪಕ್ಕಕ್ಕೆ, ಮೇಷ್ಟ್ರು ಎಲ್ಲಿ ಅಂತ ಇಣುಕುವ ಹಾಗೆ, ವಾಲಿಕೊಂಡೇ ಕೂತಿದೆ.